ಗುರುನಾಥರ ಸಾವಧಾನ

ಬೀದರಿನ ನೌಬಾದದಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಇಟ್ಟಿದ್ದ ಗುರುನಾಥರಿಗೆ ಆ ಕಸುಬಿನ ಬಗ್ಗೆ ಹೇಳಿಕೊಳ್ಳುವಂಥ ಅಭಿಮಾನವೇನೂ ಇರಲಿಲ್ಲ. ದೇವರ ಪಟ, ತೀರಿಕೊಂಡವರ ಪಟ, ಶಾಲೆಯಲ್ಲಿ ಬಹುಮಾನ ಹೊಡೆದವರ ಪಟ, ಯಾವುದು ಬಂದರೂ ನಾಲ್ಕು ಪಟ್ಟಿ, ಒಂದು ಗಾಜು ಕೂಡಿಸಿ ಕೊಟ್ಟುಬಿಡುತ್ತಿದ್ದರು. ಒಂದೆರಡು ಸಲ ಅದಲುಬದಲಾಗಿ, ಗಣಿತದಲ್ಲಿ ಮೊದಲನೆಯವನಾಗಿ ಬಂದ ಹುಡುಗನ ಪಟಕ್ಕೆ ಪರರ ಮನೆಯಲ್ಲಿ ಹಾರ ಹಾಕಿ ಊದುಬತ್ತಿ ಹಚ್ಚಿದ್ದೂ ಉಂಟು. ಅದನ್ನು ಯಾರಾದರೂ ಎತ್ತಿ ಆಡಿದರೆ ಗುರುನಾಥರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಕಂಠದ ಮಾತು ಬಂತೋ, ಅಲ್ಲಿ ನಗೆ ಇಲ್ಲ.

ಬೀದರ, ಭಾಲ್ಕಿ, ಔರಾದ, ಈ ಮೂರೂ ಕಡೆ ಹರಡಿಕೊಂಡ ಅವರ ಬಳಗದಲ್ಲಿ ಯಾರದೇ ಲಗ್ನವಿರಲಿ, ಕೊನೆಯ ಮಂಗಲಾಷ್ಟಕ ಗುರುನಾಥರದೇ. ವಧೂವರರ ನಡುವೆ ಅಂತರಪಟದ ಬಟ್ಟೆ ಹಿಡಿದಿರುತ್ತಾರೆ. ಬಳಗದ ಹುರುಪಿನವರು ಒಬ್ಬೊಬ್ಬರಾಗಿ ಮೈಕು ಹಿಡಿದು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ತಾವೇ ಕಟ್ಟಿದ ಪದ್ಯ ಹೇಳಿ, ಕೊನೆಗೆ 'ಸಾವಧಾನ' ಎನ್ನುತ್ತಾರೆ. ಒಂದೊಂದು ಸಾವಧಾನಕ್ಕೂ ನೆರೆದವರು ನಾಲ್ಕು ಕಾಳು ಅಕ್ಷತೆ ಒಗೆಯುತ್ತಾರೆ. ಕೊನೆಯದಕ್ಕೆ ಮುಷ್ಟಿ ಪೂರಾ ಖಾಲಿ ಮಾಡುತ್ತಾರೆ. ಬಟ್ಟೆ ಸರಿಯುತ್ತದೆ, ವಾದ್ಯ ಮೊಳಗುತ್ತದೆ, ಲಗ್ನ ಆಯಿತೆಂದು ಜನ ಊಟದ ಕಡೆ ಓಡುತ್ತಾರೆ. ಈ ಓಟಕ್ಕೆ ಅಪ್ಪಣೆ ಕೊಡುವ ದನಿ ಗುರುನಾಥರದು.

ಅವರ ಸಾವಧಾನ ಎಲ್ಲರ ಸಾವಧಾನದಂತಲ್ಲ. 'ಸಾ' ಎಂದು ಹೊಟ್ಟೆಯಾಳದಿಂದ ಹೊರಟರೆ ಅಳುವ ಕೂಸುಗಳು ಸುಮ್ಮನಾಗುತ್ತಿದ್ದವು. 'ವ'ದ ಹೊತ್ತಿಗೆ ಅಡುಗೆಯವರು ಪಾತ್ರೆಗಳ ಮುಚ್ಚಳ ತೆಗೆಯುತ್ತಿದ್ದರು. 'ಧಾ' ಎಂಬಲ್ಲಿ ಎಷ್ಟು ಹೊತ್ತು ನಿಲ್ಲುತ್ತಿದ್ದರೆಂದರೆ, ಹಿಂದಿನ ಸಾಲಿನವರು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಬರಬಹುದಿತ್ತು. 'ನ' ಬಿದ್ದದ್ದೇ ತಡ, ಇಡೀ ಮಂಟಪದ ಮುಷ್ಟಿ ಒಟ್ಟಿಗೆ ಬಿಚ್ಚುತ್ತಿತ್ತು. ಹೀಗಾಗಿ ತಮ್ಮ ಕೊರಳಿನಿಂದಲೇ ಲಗ್ನಗಳು ಗಟ್ಟಿ ನಿಲ್ಲುತ್ತವೆಂದು ಗುರುನಾಥರು ನಂಬಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಯಾವುದಾದರೂ ಜೋಡಿ ಕಂಡರೆ ತಡೆದು ನಿಲ್ಲಿಸಿ, "ಹ್ಯಾಂಗ ನಡದದಪ್ಪ? ಏನೂ ತ್ರಾಸಿಲ್ಲಲ್ಲ?" ಎಂದು ತಾವು ಕಟ್ಟಿಸಿದ ಸೇತುವೆ ನೋಡಲು ಬಂದ ಇಂಜಿನಿಯರರ ಹಾಗೆ ವಿಚಾರಿಸುತ್ತಿದ್ದರು.

ಅವರಿಗಿದ್ದ ದೊಡ್ಡ ಆಸೆ ಒಂದೇ. ಮಗಳು ಕೇತಕಿ ತೊಟ್ಟಿಲಲ್ಲಿದ್ದಾಗಲೇ ಅವಳ ಲಗ್ನದಲ್ಲಿ ಹೇಳಬೇಕೆಂದು ಒಂದು ಪದ್ಯ ಕಟ್ಟಿ, ವರನ ಹೆಸರಿನ ಜಾಗ ಖಾಲಿ ಬಿಟ್ಟು, ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ಈಗ ಔರಾದದ ಬಟ್ಟೆ ವ್ಯಾಪಾರಿ ಪಂಢರಿಯವರ ಮಗ ಸಾರಂಗನೊಡನೆ ಸಂಬಂಧ ಗೊತ್ತಾಗಿತ್ತು. ಸಾರಂಗ ಎಂಬ ಹೆಸರು ಆ ಖಾಲಿ ಜಾಗದಲ್ಲಿ ಅಳತೆ ತೆಗೆದು ಕೊಯ್ದ ಗಾಜಿನಂತೆ ಕೂತಿತು. ಬೇರೆ ಒಳ್ಳೊಳ್ಳೆಯ ಸಂಬಂಧಗಳನ್ನು ಅವರು ಬಿಟ್ಟದ್ದು ಹೆಸರು ಪದ್ಯಕ್ಕೆ ಹೊಂದಲಿಲ್ಲವೆಂಬ ಕಾರಣಕ್ಕೇ ಎಂದು ಹೆಂಡತಿ ಪ್ರಮಿಲಾಬಾಯಿಯ ದೂರು. ಗುರುನಾಥರು ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಇಷ್ಟರಲ್ಲಿ ಹಿಂದಿನ ಓಣಿಯ ಅಶ್ವಜಿತ ಅಂಗಡಿಗೆ ಬಂದ. ಮನೆಯ ಒಂದು ಕೋಣೆಯಲ್ಲಿ ಕಂಪ್ಯೂಟರು, ಮೈಕು ಇಟ್ಟುಕೊಂಡು ಹಾಡು ಮಾಡುವ ಹುಡುಗ.

"ಕಾಕಾ, ಒಂದು ಸಿನಿಮಾಕ್ಕ ಹಾಡು ಮಾಡ್ಲತ್ತೀನಿ. ಲಗ್ನದ ಹಾಡು. ನಡುವ ನಿಮ್ಮ ಸಾವಧಾನ ಬೇಕಾಗ್ಯದ."

"ಲಗ್ನ ಯಾರದು?"

"ಹೀರೋಂದು, ಕಾಕಾ."

"ಹುಡುಗಿ ಮನಿಯವರು ಹ್ಯಾಂಗಿದ್ದಾರ?"

"ಕಾಕಾ, ಅದು ಸಿನಿಮಾ."

"ಸಿನಿಮಾ ಇದ್ರೇನಾಯ್ತೋ? ನನ್ನ ಸಾವಧಾನ ಬಿದ್ದ ಮ್ಯಾಲ ಆ ಲಗ್ನದ ಜವಾಬ್ದಾರಿ ನಂದು. ಹುಡುಗ ನಡುವ ಬಿಟ್ಟು ಗಿಟ್ಟು ಹೋಗ್ತಾನೇನು?"

ಇಂಟರ್ವಲ್ಲಿನ ಹೊತ್ತಿಗೆ ಬಿಟ್ಟು ಹೋಗಿ, ಕೊನೆಗೆ ವಾಪಸು ಬರುತ್ತಾನೆಂದು ಅಶ್ವಜಿತ ಹೇಳಿದ. ವಾಪಸು ಬರುವುದು ಖರೆ ಎಂದು ಆಣೆ ಮಾಡಿಸಿಕೊಂಡ ಮೇಲೆಯೇ ಗುರುನಾಥರು ಒಪ್ಪಿದರು.

ಸ್ಟುಡಿಯೋ ಎಂದರೆ ಅವನ ಅಜ್ಜಿ ಶೇವಂತಾಬಾಯಿ ಹೊಲಿದ ಕೌದಿಗಳನ್ನು ಗೋಡೆಗೆಲ್ಲ ಹೊದಿಸಿದ ಕೋಣೆ. ತನ್ನ ಕೌದಿಗಳಿಗೆ ಯಾರೂ ಕೈ ಒರೆಸದಂತೆ ಕಾಯಲು ಶೇವಂತಾಬಾಯಿ ಮೂಲೆಯಲ್ಲಿ ಕೂತಿದ್ದಳು. ಗುರುನಾಥರು ಮೈಕಿನ ಮುಂದೆ ನಿಂತರು, ಬಾಯಿ ತೆರೆದರು, ದನಿ ಬರಲಿಲ್ಲ. ಎದುರಿಗೆ ಜೋಡಿ ಇಲ್ಲದೆ, ಸುತ್ತ ಅಕ್ಷತೆ ಹಿಡಿದ ಮುಷ್ಟಿ ಇಲ್ಲದೆ ಸಾವಧಾನ ಹೊರಡುವುದಿಲ್ಲವೆಂದರು. ಕಡೆಗೆ ಅಶ್ವಜಿತ ಎರಡು ಮೈಕಿನ ಸ್ಟ್ಯಾಂಡುಗಳನ್ನು ಎದುರುಬದುರು ನಿಲ್ಲಿಸಿ ನಡುವೆ ಟವೆಲ್ಲು ಕಟ್ಟಿದ. ಅಜ್ಜಿಯ ಕೈಗೆ ಒಂದು ಮುಷ್ಟಿ ಅಕ್ಕಿ ಕೊಟ್ಟ. ಗುರುನಾಥರು ಕಣ್ಣು ಮುಚ್ಚಿ ಸಾವಧಾನ ಎಂದದ್ದು ಎಷ್ಟು ಚಂದ ಬಂತೆಂದರೆ, ಶೇವಂತಾಬಾಯಿ ಮೈಮರೆತು ಅಕ್ಕಿಯನ್ನೆಲ್ಲ ಕಂಪ್ಯೂಟರಿನ ಕೀಲಿಮಣೆಯ ಮೇಲೆ ಒಗೆದುಬಿಟ್ಟಳು.

"ನಮ್ಮ ಮಂದಿ ಲಗ್ನದಾಗ ಹೂವಿನ ಪಕಳಿ ಒಗೀತಾರಪ್ಪ. ಎಲ್ಲಿ ಬಿದ್ರೂ ಬಾಧಕ ಇಲ್ಲ," ಎಂದಳು ಕಾಳು ಆರಿಸುತ್ತ. "ನಿಮ್ಮದು ಅಕ್ಕಿ."

"ಇದಕ್ಕ ಸಿಂಗಲ್ ಅಂತಾರ, ಕಾಕಾ," ಎಂದು ಅಶ್ವಜಿತ ತಿಳಿಸಿಕೊಟ್ಟ. "ಸಿನಿಮಾ ಬರೂಕಿಂತ ಮೊದಲ ಒಂದೇ ಒಂದು ಹಾಡು ಬಿಡ್ತಾರ. ಜನಕ್ಕ ರುಚಿ ಹತ್ತಲಿ ಅಂತ."

"ಲಗ್ನದ ಹಾಡು ಸಿಂಗಲ್ ಹ್ಯಾಂಗ ಆಗ್ತದೋ? ಇಬ್ಬರು ಬೇಕಲ್ಲ," ಎನ್ನುತ್ತ ಗುರುನಾಥರು ಮನೆಗೆ ಹೋದರು.

ಹಾಡು ಬಂತು. ಮೊದಲಿಗೆ ಒಬ್ಬ ಹುಡುಗಿಯ ದನಿ, ಆಮೇಲೆ ಡೋಲು, ಆಮೇಲೆ ಏನೇನೋ. ಮೈ ಕುಣಿಯತೊಡಗಿದಾಗ ಎಲ್ಲ ವಾದ್ಯಗಳೂ ಗಪ್ಪನೆ ನಿಂತುಬಿಡುತ್ತಿದ್ದವು. ಆ ನಿಶ್ಶಬ್ದದೊಳಗಿಂದ ಗುರುನಾಥರು 'ಸಾ... ವ... ಧಾ... ನ' ಎಂದು ಎದ್ದು ಬರುತ್ತಿದ್ದರು. 'ನ' ಮುಗಿಯುವುದರೊಳಗೆ ಡೋಲುಗಳು ಮತ್ತೆ ಮೈಮೇಲೆ ಬಿದ್ದು, ಹುಡುಗರು ಹುಚ್ಚು ಹಿಡಿದಂತೆ ಕುಣಿಯುತ್ತಿದ್ದರು. ಆಟೋಗಳಲ್ಲಿ ಅದೇ, ಚಹಾದ ಹೋಟೆಲಿನಲ್ಲಿ ಅದೇ, ಸಂತಪುರದ ಕಡೆಯ ಟ್ರ್ಯಾಕ್ಟರುಗಳಲ್ಲೂ ಅದೇ.

"ನಿಮ್ಮ ದನಿ ಬಾವ್ಯಾಗಿಂದ ಬಂದಂಗ ಕೇಳ್ತದಲ್ರಿ," ಎಂದರು ಪ್ರಮಿಲಾಬಾಯಿ.

"ಅದಕ್ಕ ಎಫೆಕ್ಟ್ ಅಂತಾರ," ಎಂದು ಗುರುನಾಥರು ಆಗಲೇ ಕಲಿತಿದ್ದ ಮಾತು ಹೇಳಿದರು.

ಪಕ್ಕದ ಮನೆಯ ಅಬ್ದುಲ ವಾಹೀದ ಸಾಹೇಬರು ಬಂದು ಕೈ ಕುಲುಕಿದರು, ಆದರೆ ಪೂರಾ ಮನಸ್ಸಿನಿಂದಲ್ಲ. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಕೂಗುತ್ತ ಅವರು ನಿವೃತ್ತರಾಗಿದ್ದರು.

"ಮುಬಾರಕ್, ಗುರುನಾಥ ಸಾಬ್. ಆದ್ರ ಒಂದ್ ಮಾತು. ನನ್ನ ಇಡೀ ಜಿಂದಗಿ ಮೈಕ್ ಮುಂದ ಹೋಗ್ಯದ. ಜಹೀರಾಬಾದ್ ಬಸ್ಸು ಅಂದ್ರ ಸಾಕು, ಮಂದಿ ಗಂಟುಮೂಟಿ ಎತ್ಕೊಂಡು ಓಡ್ತಿದ್ರು. ನನ್ನ ಒಬ್ಬ ಸಿನಿಮಾದಾವನಾದ್ರೂ ಕೇಳಿದ್ನೇನು?"

ಗುರುನಾಥರು ತಮ್ಮದೇ ಒಂದು ದೊಡ್ಡ ಪಟಕ್ಕೆ ಬಂಗಾರದ ಬಣ್ಣದ ಕಟ್ಟು ಹಾಕಿ ಅಂಗಡಿಯಲ್ಲಿ ತೂಗುಹಾಕಿದರು. ಬಂದ ಗಿರಾಕಿಗಳು ಅದನ್ನು ನೋಡಿ, ಕೆಳಗೆ ಕೂತವರ ಕಡೆ ನೋಡದೆಯೇ, "ಛೇ ಪಾಪ, ಯಾವಾಗ ತೀರಿಕೊಂಡ್ರು?" ಎಂದು ಕೇಳತೊಡಗಿದ್ದರಿಂದ ಒಂದು ವಾರದೊಳಗೆ ಅದನ್ನು ಇಳಿಸಿ ಮನೆಗೆ ಒಯ್ದರು.

ಮುಂದಿನ ಅನಾಹುತದ ಮುನ್ಸೂಚನೆ ಜನವಾಡದ ಬಸ್ಸಿನಲ್ಲೇ ಸಿಕ್ಕಿತ್ತು. ಯಾರದೋ ಮೊಬೈಲು ಗುರುನಾಥರ ದನಿಯಲ್ಲಿ 'ಸಾವಧಾನ' ಎಂದು ಕೂಗಿದಾಗ, ಪುಠಾಣಿ ತಿನ್ನುತ್ತ ಕೂತಿದ್ದ ಮುದುಕಿಯೊಬ್ಬಳು ಕೈಯಲ್ಲಿದ್ದುದನ್ನೆಲ್ಲ ಕಂಡಕ್ಟರನ ತಲೆಯ ಮೇಲೆ ಒಗೆದು ಕೈ ಮುಗಿದಿದ್ದಳು. ಈ ಕಥೆಯನ್ನು ಗುರುನಾಥರು ಮಂದಿಗೆಲ್ಲ ಹೇಳಿ ನಕ್ಕರು. ತಿಳಿಯುವವರಿಗೆ ಅದು ನಗುವ ಸಂಗತಿ ಆಗಿರಲಿಲ್ಲ.

ಅನಾಹುತ ನಡೆದದ್ದು ಭಾಲ್ಕಿಯಲ್ಲಿ, ಪ್ರಮಿಲಾಬಾಯಿಯ ತಮ್ಮ ಮಕರಂದನ ಮಗಳ ಲಗ್ನದಲ್ಲಿ. ಮುಹೂರ್ತ ಸಮೀಪಿಸಿತ್ತು. ಒಳಗೆ ಫಂಕ್ಷನ್ ಹಾಲಿನಲ್ಲಿ ಜನ ಕಿಕ್ಕಿರಿದಿದ್ದರು, ಎಲ್ಲರ ಕೈಗೂ ಅಕ್ಷತೆ ಹಂಚಿ ಆಗಿತ್ತು. ಮದುಮಗಳ ತಲೆಗೆ ಇನ್ನೂ ಹೂ ಮುಡಿಸುತ್ತಿದ್ದರು. ಭಟ್ಟರು ವೇದಿಕೆಯ ಮೇಲೆ ಕೂತು ತೆಂಗಿನಕಾಯಿಯ ಜುಟ್ಟು ನೋಡುತ್ತಿದ್ದರು. ಗುರುನಾಥರು ಮೊದಲ ಸಾಲಿನಲ್ಲಿ ಯಾಲಕ್ಕಿ ಜಗಿದು ಕೊರಳು ಹದ ಮಾಡಿಕೊಳ್ಳುತ್ತಿದ್ದರು. ಮದುಮಗ ಮಾತ್ರ ಹೊರಗೆ ರಸ್ತೆಯಲ್ಲಿ ಕುದುರೆಯ ಮೇಲಿದ್ದ. ಅವನ ಗೆಳೆಯರು ಡಿಜೆ ಗಾಡಿಯ ಮುಂದೆ ಕುಣಿಯುತ್ತಿದ್ದರು. ಡಿಜೆಯವನು ಆ ಹಾಡು ಹಚ್ಚಿದ.

ವಾದ್ಯಗಳು ಗಪ್ಪನೆ ನಿಂತವು. ಗೋಡೆ ನಡುಗುವಂಥ ದನಿಯಲ್ಲಿ ಗುರುನಾಥರ ಸಾವಧಾನ ಹಾಲಿನೊಳಗೆ ಬಂತು. ಕೂತ ಜನರಿಗೆ ಅದು ವರ್ಷಗಳಿಂದ ಗೊತ್ತಿದ್ದ ಅಪ್ಪಣೆ. ಮುಷ್ಟಿಗಳೆಲ್ಲ ಒಟ್ಟಿಗೆ ಬಿಚ್ಚಿದವು. ವೇದಿಕೆಯ ಮೇಲೆ ಒಬ್ಬರೇ ಇದ್ದ ಭಟ್ಟರ ಮೇಲೆ ಅಷ್ಟೂ ಅಕ್ಷತೆ ಬಿದ್ದು ಅವರು ಹಳದಿ ಬಣ್ಣಕ್ಕೆ ತಿರುಗಿದರು. ಜನ ಎದ್ದರು, ಊಟಕ್ಕೆ ಓಡಿದರು. ಗುರುನಾಥರು, "ಏ, ನಾ ಇನ್ನೂ ಬಾಯೇ ತೆರದಿಲ್ರೋ!" ಎಂದು ಕೂಗಿದ್ದನ್ನು ಯಾರೂ ಕೇಳಲಿಲ್ಲ. ಸಾವಧಾನ ಬಿದ್ದ ಮೇಲೆ ಅವರ ಮಾತಿಗೆ ಯಾವ ಲಗ್ನದಲ್ಲೂ ಬೆಲೆ ಇರಲಿಲ್ಲ.

ಮದುಮಗ ಕುದುರೆ ಇಳಿದು ಒಳಗೆ ಬಂದರೆ ಖಾಲಿ ಕುರ್ಚಿಗಳು. ಮಕರಂದ ಊಟದ ಹಾಲಿಗೆ ಓಡಿ, ಎಲ್ಲರೂ ವಾಪಸು ಬರಬೇಕೆಂದು ಕೈಮುಗಿದ.

"ಅದ್ಹ್ಯಾಂಗ್ರಿ?" ಎಂದರು ಪುರಿ ಮುರಿಯುತ್ತಿದ್ದ ಒಬ್ಬ ಹಿರಿಯರು. "ಅಕ್ಷತಾ ಹಾಕೀವಲ್ಲ. ಒಂದೇ ಜೋಡಿಗಿ ಎರಡು ಸರ್ತಿ ಹಾಕಿದ್ರ ಎರಡನೇ ಲಗ್ನ ಮಾಡಿದಂಗ ಆಗ್ತದ."

"ಜೋಡಿ ಬಂದೇ ಇರಲಿಲ್ರೀ!"

"ಹಂಗಾದ್ರ ಭಟ್ರಿಗಿ ಆಗ್ಯದ. ಅವರ ಮನಿಯವರಿಗಿ ತಿಳಸ್ರಿ."

ಕೊನೆಗೆ ಅಡುಗೆಯವರು, ಬ್ಯಾಂಡಿನವರು, ಜೀಪಿನ ಡ್ರೈವರುಗಳನ್ನು ನಿಲ್ಲಿಸಿ ಅಕ್ಷತೆ ಹಾಕಿಸಿದರು. ತಪ್ಪು ಯಾರದೆಂಬ ವಿಚಾರಣೆ ಮಧ್ಯಾಹ್ನವಿಡೀ ನಡೆಯಿತು.

"ಮಕರಂದ, ನಾ ಒಳಗಿದ್ದೆ. ದನಿ ಹೊರಗಿತ್ತು," ಎಂದರು ಗುರುನಾಥರು.

"ಅದೇ ಅಂತೀನಿ, ಭಾವಜಿ. ನೀವು ಒಂದು ಕಡಿ, ನಿಮ್ಮ ದನಿ ಒಂದು ಕಡಿ ತಿರಗ್ಯಾಡಿದ್ರ ಬಳಗ ಯಾರ ಮಾತು ಕೇಳಬೇಕು?"

ಗುರುನಾಥರು ಎದ್ದು ಚಪ್ಪಲಿ ಹುಡುಕತೊಡಗಿದರು.

ಸುದ್ದಿ ಔರಾದಕ್ಕೆ ಮುಟ್ಟಲು ಒಂದು ಬಸ್ಸು ಸಾಕಾಯಿತು. ಬೀಗರಾಗಲಿರುವ ಪಂಢರಿಯವರು ಮಾರನೆಯ ದಿನವೇ ನೌಬಾದಕ್ಕೆ ಬಂದರು. ಬಟ್ಟೆಯನ್ನು ಹರಿಯುವ ಮುಂಚೆ ಎರಡು ಸಲ ಅಳೆಯುವ ಮನುಷ್ಯ ಅವರು. ಚಹಾ ಮುಟ್ಟದೆಯೇ ಮಾತು ತೆಗೆದರು.

"ಬೀಗ್ರ, ನಮ್ಮದು ಒಬ್ಬನೇ ಮಗ. ಅವನ ಅಕ್ಷತಾ ಭಟ್ರ ಮ್ಯಾಲ ಬೀಳೋದು ನಮ್ಮ ಮನ್ಯಾಗ ಯಾರಿಗೂ ಬೇಕಾಗಿಲ್ಲ. ಲಗ್ನದ ದಿವಸ ಔರಾದದಾಗ ನಿಮ್ಮ ದನಿ ಕೇಳಬಾರದು. ಡಿಜೆದಾಗೂ ಬ್ಯಾಡ, ಬಾಯಾಗೂ ಬ್ಯಾಡ. ನೀವು ಬರ್ರಿ. ದನಿ ಮನ್ಯಾಗ ಬಿಟ್ಟು ಬರ್ರಿ."

"ಅಲ್ರೀ, ಮಗಳ ಲಗ್ನ... ನಾ ಒಂದು ಪದ್ಯ..."

"ಒಪ್ಪಿಗಿ ಇಲ್ಲಾಂದ್ರ ಈಗೇ ಹೇಳ್ರಿ. ಸಂಬಂಧ ಇಲ್ಲಿಗೇ ನಿಲ್ಲಸಾಮು."

ಒಳಗಿನ ಬಾಗಿಲಲ್ಲಿ ಕೇತಕಿ ನಿಂತಿದ್ದಳು. ಸಾರಂಗನ ಹೆಸರು ಅವಳಿಗೂ ತನ್ನದೇ ರೀತಿಯಲ್ಲಿ ಹೊಂದಿತ್ತು. ಗುರುನಾಥರು ಅವಳ ಮುಖ ನೋಡಿದರು, ಬೀಗರ ಮುಖ ನೋಡಿದರು. "ಆಗ್ಲಿರಿ," ಎಂದರು. ಪಂಢರಿಯವರು ಆಮೇಲೆ ತಣ್ಣಗಾದ ಚಹಾ ಕುಡಿದರು.

"ಪಪ್ಪಾ, ನನ್ನ ಪದ್ಯ?" ಎಂದಳು ಕೇತಕಿ, ಬೀಗರು ಹೋದ ಮೇಲೆ.

"ಅದೇನು ದೊಡ್ಡದವ್ವ. ಎಂದಾದ್ರೂ ಒಂದಿನ ಮನ್ಯಾಗ ಹೇಳಿದ್ರಾಯ್ತು," ಎಂದು ಗುರುನಾಥರು ಅಂಗಡಿಗೆ ಹೋದರು. ಆ ದಿನ ಅವರು ಕೊಯ್ದ ಗಾಜೆಲ್ಲ ಸೊಟ್ಟಗೆ ಹೋಯಿತು.

ಬಾಯಿಯನ್ನೇನೋ ಮುಚ್ಚಬಹುದು, ಊರಲ್ಲಿ ತಿರುಗುವ ದನಿಯನ್ನು ಮುಚ್ಚುವುದು ಹೇಗೆ? ಅಶ್ವಜಿತನ ಸ್ಟುಡಿಯೋಕ್ಕೆ ಹೋಗಿ, ಹಾಡು ವಾಪಸು ತಗೋ ಎಂದರು.

"ಬಿಟ್ಟ ಹಾಡು ವಾಪಸ್ ಬರಂಗಿಲ್ಲ, ಕಾಕಾ. ಮತ್ತ ಸಿನಿಮಾನೂ ನಿಂತು ಹೋಗ್ಯದ. ಹೀರೋ, ಪ್ರೊಡ್ಯೂಸರ್ ಜಗಳಾಡ್ಯಾರ. ಈಗ ಹಾಡು ಒಂದೇ ಉಳದದ."

"ಆ ಲಗ್ನ?"

"ಆ ಸೀನ್ ತಗದೇ ಇಲ್ಲ, ಕಾಕಾ."

ಗುರುನಾಥರು ಗೋಡೆಯ ಕೌದಿಯ ಕಡೆ ಮುಖ ತಿರುಗಿಸಿದರು. ಅವರ ಸಾವಧಾನ ಬಿದ್ದೂ ಆಗದ ಲಗ್ನ ಅದೊಂದೇ ಆಗಿತ್ತು.

ಅಲ್ಲಿಂದ ಅವರು ಪೊಲೀಸ್ ಠಾಣೆಗೆ ಹೋದರು. ಠಾಣೆಯ ಸಾಹೇಬರು ಚಹಾದ ಜೊತೆ ಚುರುಮುರಿ ತಿನ್ನುತ್ತಿದ್ದರು.

"ಯಾರ ಮ್ಯಾಲ ಕಂಪ್ಲೇಂಟು?"

"ನನ್ನ ದನಿ ಮ್ಯಾಲ್ರಿ, ಸಾಹೇಬ್ರ."

ಸಾಹೇಬರು ತಿನ್ನುವುದು ನಿಲ್ಲಿಸಿದರು. "ಏನ್ ಮಾಡ್ಯದ ಅದು?"

"ಭಾಲ್ಕಿದಾಗ ಒಂದು ಲಗ್ನ ಕೆಡಸ್ಯದ್ರಿ. ಇನ್ನ ನನ್ನ ಮಗಳ ಲಗ್ನ ಅದ. ಅದು ಔರಾದಕ್ಕ ಬರದಂಗ ಬಂದೋಬಸ್ತ್ ಮಾಡಬೇಕ್ರಿ."

"ಈಗ ದನಿ ಎಲ್ಲದ?"

ಅದೇ ಹೊತ್ತಿಗೆ ಬಾಗಿಲಲ್ಲಿದ್ದ ಕಾನ್‌ಸ್ಟೇಬಲನ ಕಿಸೆಯಲ್ಲಿ ಮೊಬೈಲು 'ಸಾವಧಾನ' ಎಂದಿತು. ಸಾಹೇಬರ ಕೈ ತಾನಾಗಿಯೇ ಮೇಲೆದ್ದು ಒಂದು ಮುಷ್ಟಿ ಚುರುಮುರಿಯನ್ನು ಗುರುನಾಥರ ತಲೆಯ ಮೇಲೆ ಹಾಕಿತು.

"ಹೋಗ್ರಿ," ಎಂದರು ಸಾಹೇಬರು ಟೇಬಲ್ಲು ಒರೆಸುತ್ತ. "ಇದು ಇಲಾಖೆದಿಂದ ಆಗೋ ಕೆಲಸ ಅಲ್ಲ."

ಉಪಾಯ ಹೊಳೆದದ್ದು ವಾಹೀದ ಸಾಹೇಬರಿಗೆ. ತಪ್ಪು ಬಸ್ಸು ಹತ್ತುವ ಜನರನ್ನು ಅವರು ಮೈಕಿನಿಂದಲೇ ಸರಿದಾರಿಗೆ ತಂದವರು. ಲಗ್ನದ ದಿನ ಬೆಳಗಿನಿಂದ ತಾವೇ ಮೈಕು ಹಿಡಿದು ಜನರನ್ನು ಎಚ್ಚರಿಸುವುದಾಗಿ ಹೇಳಿದರು. ಪಂಢರಿಯವರಿಗೂ ಇದು ಹಿಡಿಸಿತು. ಊಟದ ಹಾಲಿನಲ್ಲಿ ಕೂತವರಿಗೂ ಕೇಳಲೆಂದು ಅಲ್ಲೊಂದು ದೊಡ್ಡ ಸ್ಪೀಕರು ಹಾಕಿಸಿದರು. ಸಾರಂಗನ ಗೆಳೆಯರು ತಂದ ಡಿಜೆಯ ವೈರನ್ನು ಸ್ವತಃ ಕಿತ್ತು ಸುತ್ತಿ ತಮ್ಮ ಕೋಟಿನ ಜೇಬಿನಲ್ಲಿಟ್ಟುಕೊಂಡರು.

ಹೀಗೆ ಔರಾದದ ಫಂಕ್ಷನ್ ಹಾಲಿನಲ್ಲಿ ವಾಹೀದ ಸಾಹೇಬರ ಜೀವನದ ದೊಡ್ಡ ದಿನ ಬೆಳಗಾಯಿತು.

"ಪ್ರಯಾಣಿಕರ ಗಮನಕ್ಕೆ... ಮಾಫ್ ಮಾಡ್ರಿ, ಬೀಗರ ಗಮನಕ್ಕೆ! ಎಲ್ಲೇ ಸಾವಧಾನ ಅಂತ ಕೇಳಿದ್ರೂ ಯಾರೂ ಅಕ್ಷತಾ ಒಗೀಬಾರದು. ಒಗದವರಿಗಿ ಊಟ ಸಿಗಂಗಿಲ್ಲ. ತಮ್ಮ ತಮ್ಮ ಅಕ್ಷತಾ ತಾವೇ ಕಾಪಾಡಿಕೊಳ್ಳಬೇಕು!"

ಊಟ ಸಿಗುವುದಿಲ್ಲವೆಂಬ ಮಾತು ಅವರದೇ ಸೇರ್ಪಡೆ. ಹೊಸದಾಗಿ ಯಾರು ಒಳಗೆ ಬಂದರೂ ಅವರು ಮತ್ತೆ ಮೊದಲಿನಿಂದ ಕೂಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಜನರ ಮುಷ್ಟಿ ಎಷ್ಟು ಬಿಗಿದಿತ್ತೆಂದರೆ ನೀರು ಕುಡಿಯಲು ಎಡಗೈಯನ್ನೇ ಬಳಸುತ್ತಿದ್ದರು. ಗುರುನಾಥರು ಒಂದು ಮೂಲೆಯಲ್ಲಿ, ಅಪ್ಪಿತಪ್ಪಿ ದನಿ ಹೊರಬೀಳದಿರಲೆಂದು ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಂಡು, ಎಲ್ಲರಂತೆ ಒಂದು ಮುಷ್ಟಿ ಅಕ್ಷತೆ ಹಿಡಿದು ನಿಂತಿದ್ದರು.

ಮುಹೂರ್ತ ಬಂತು. ಸಾರಂಗ ಒಂದು ಕಡೆ, ಕೇತಕಿ ಒಂದು ಕಡೆ, ನಡುವೆ ಅಂತರಪಟ. ಸಂತಪುರದಿಂದ ಕರೆಸಿದ್ದ ಪಂಢರಿಯವರ ಮಾವ ಮೈಕು ಹಿಡಿದು ಮೊದಲ ಪದ್ಯ ಹೇಳಿ "ಸಾವಧಾನ" ಎಂದರು.

ಒಂದು ಕಾಳೂ ಬೀಳಲಿಲ್ಲ.

ಎರಡನೆಯ ಪದ್ಯ. ಬೀಳಲಿಲ್ಲ. ಜನ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಒಬ್ಬರನ್ನೊಬ್ಬರು ಕಾಯುತ್ತ ಕೂತಿದ್ದರು. ಕೊನೆಯ ಪದ್ಯವನ್ನು ಮಾವ ಮೂರು ಸಲ ಹೇಳಿದರು. ಅಂತರಪಟ ಹಿಡಿದವರು ಕೈ ಬದಲಿಸಿಕೊಂಡರು.

"ಒಗೀರಿ! ಮುಹೂರ್ತ ಮೀರ್ಲತ್ತದ!" ಎಂದರು ಭಟ್ಟರು.

"ಊಟ ಸಿಗಂಗಿಲ್ಲಂತಲ್ರಿ," ಎಂದಿತು ಜನ.

ವಾಹೀದ ಸಾಹೇಬರು ಮೈಕು ಕಸಿದುಕೊಂಡು, "ಬೀಗರ ಗಮನಕ್ಕೆ, ಈಗ ಒಗೀಬಹುದು!" ಎಂದರು. ಬೆಳಗಿನಿಂದ ಒಂದು ಹೇಳಿದವರು ಈಗ ಇನ್ನೊಂದು ಹೇಳುವುದರಲ್ಲಿ ಏನೋ ಮೋಸವಿದೆ ಎಂದು ಜನ ಮುಷ್ಟಿಯನ್ನು ಇನ್ನಷ್ಟು ಬಿಗಿದರು. ಭಾಲ್ಕಿಯವರಂತೂ ಕದಲಲಿಲ್ಲ.

"ನಾವು ಒಮ್ಮಿ ಒಗದು ಕೆಟ್ಟೀವಿ," ಎಂದು ಮಕರಂದ ಎದ್ದು ನಿಂತ. "ಭಾವಜಿ ಎದುರಿಗಿ ನಿಂತು ತಮ್ಮ ಬಾಯಿಲೆ ಹೇಳ್ಲಿ. ಕಣ್ಣಿಲೆ ನೋಡಿ ಒಗೀತೀವಿ."

ಪಂಢರಿಯವರು ಜನರನ್ನೆಲ್ಲ ಸೀಳಿಕೊಂಡು ಮೂಲೆಗೆ ಬಂದರು. ಅವರ ತಲೆಯ ಫೇಟಾ ಒಂದು ಕಡೆಗೆ ವಾಲಿತ್ತು. "ಬೀಗ್ರ, ಕೈ ಮುಗೀತೀನಿ. ಹೇಳ್ರಿ ನಿಮ್ಮ ಪದ್ಯ."

ಗುರುನಾಥರು ಎಲೆ ಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ಮೈಕು ಹಿಡಿದು ನಿಂತರು. ಪದ್ಯದ ಮೊದಲ ಮಾತೇ ಕೇತಕಿ. "ಕೇ..." ಎಂದರು. ಬಟ್ಟೆಯ ಆಚೆಗೆ ಹಾರ ಹಿಡಿದ ಮಗಳ ಮೆಹಂದಿಯ ಕೈ ಕಾಣುತ್ತಿತ್ತು. ಅಲ್ಲಿಗೇ ನಿಂತರು. ಇನ್ನೊಮ್ಮೆ ಬಾಯಿ ತೆರೆದರು. ಗಾಳಿ ಬಂತು, ದನಿ ಬರಲಿಲ್ಲ. ಇಷ್ಟು ವರ್ಷ ಪರರ ಹೆಣ್ಣುಮಕ್ಕಳನ್ನು ಲೀಲಾಜಾಲವಾಗಿ ಕಳಿಸಿಕೊಟ್ಟ ಮನುಷ್ಯನಿಗೆ, ಆ ಹೊತ್ತಿನಲ್ಲಿ ಆ ತಂದೆಯರಿಗೆ ಏನಾಗುತ್ತಿತ್ತೆಂಬುದು ಈಗ ಗೊತ್ತಾಯಿತು. ಗುರುನಾಥರು ಎಲ್ಲರೆದುರು ಅತ್ತುಬಿಟ್ಟರು.

ಭಟ್ಟರು ಗಡಿಯಾರ ನೋಡಿದರು. ಪಂಢರಿಯವರು ಬೀಗರನ್ನು ನೋಡಿದರು, ಮಗನನ್ನು ನೋಡಿದರು. ಆಮೇಲೆ ಕೋಟಿನ ಜೇಬಿಗೆ ಕೈ ಹಾಕಿ ವೈರು ಎಳೆದು, ಬಾಗಿಲ ಕಡೆ ಎಸೆದು, ಬಟ್ಟೆ ಅಂಗಡಿಯಲ್ಲಿ ಯಾರೂ ಎಂದೂ ಕೇಳದ ದನಿಯಲ್ಲಿ ಕೂಗಿದರು:

"ಹಚ್ಚಲೇ ಡಿಜೆ!"

ಹಾಡು ಶುರುವಾಯಿತು. ಮೊದಲು ಆ ಹುಡುಗಿ, ಆಮೇಲೆ ಡೋಲು. ನಡುವಿಗೆ ಬರುವ ತನಕ ಬೇರೆ ದಾರಿ ಇಲ್ಲದ್ದರಿಂದ ಇಡೀ ಬಳಗ ಗಂಭೀರವಾಗಿ ಕಾಯಿತು. ಅಂತರಪಟ ಹಿಡಿದವರು ಮಾತ್ರ ತಡೆಯಲಾರದೆ ಸ್ವಲ್ಪ ಕುಣಿದರು. ವಾದ್ಯಗಳು ಗಪ್ಪನೆ ನಿಂತವು. ಆ ನಿಶ್ಶಬ್ದದಲ್ಲಿ, ಎದುರಿಗೆ ಕಣ್ಣೊರೆಸುತ್ತ ನಿಂತ ಗುರುನಾಥರ ದನಿ, ಎಂದಿನ ಜೋರಿನಲ್ಲಿ, ಹೊರಗಿನಿಂದ ಬಂತು. ಸಾ... ವ... ಧಾ... ನ. ದನಿಯೂ ಬಂತು, ಮನುಷ್ಯನೂ ಎದುರಿಗಿದ್ದ. ಭಾಲ್ಕಿಯವರ ಮುಷ್ಟಿಗಳೇ ಮೊದಲು ಬಿಚ್ಚಿದವು, ಹಿಂದೆಯೇ ಔರಾದದವರವು. ಅಕ್ಷತೆ ಮಳೆಯಾಗಿ ಸುರಿಯಿತು, ಬಟ್ಟೆ ಸರಿಯಿತು, ಕೇತಕಿ ಮತ್ತು ಸಾರಂಗ ಒಬ್ಬರನ್ನೊಬ್ಬರು ನೋಡಿ ನಕ್ಕರು. ಜನ ಊಟಕ್ಕೆ ಓಡಿದರು.

ಮಂಟಪ ಖಾಲಿಯಾದ ಮೇಲೆ ಗುರುನಾಥರು ತಮ್ಮ ಎಡಗೈ ಬಿಚ್ಚಿ ನೋಡಿಕೊಂಡರು. ಬೆವರಿಗೆ ಮುದ್ದೆಯಾದ ಅಕ್ಷತೆ ಹಾಗೇ ಇತ್ತು. ಯಾವ ಲಗ್ನದಲ್ಲೂ ಅವರು ಅಕ್ಷತೆ ಒಗೆದವರಲ್ಲ. ಅವರ ಕೈಯಲ್ಲಿ ಯಾವಾಗಲೂ ಮೈಕೇ ಇರುತ್ತಿತ್ತು.

"ನನ್ನದು ಉಳೀತು ನೋಡು," ಎಂದರು.

"ನಂದೂ ಅದ," ಎಂದು ಪ್ರಮಿಲಾಬಾಯಿ ತಮ್ಮ ಮುಷ್ಟಿ ತೋರಿಸಿದರು. "ಡಿಜೆಕ್ಕ ನಾ ಯಾಕ ಒಗೀಲಿ? ನಿಮ್ಮ ಬಾಯಿಂದ ಬರ್ಲಿ ಅಂತ ಹಿಡಕೊಂಡು ನಿಂತೀನಿ."

ವೇದಿಕೆಯ ಮೇಲೆ ಕೇತಕಿ ತಲೆಯೊಳಗಿನ ಕಾಳು ಕೊಡವುತ್ತಿದ್ದವಳು ಕೈ ನಿಲ್ಲಿಸಿ ತಂದೆಯ ಕಡೆ ತಿರುಗಿದಳು. ಗುರುನಾಥರು ಪದ್ಯ ಹೇಳಿದರು. ತೊಟ್ಟಿಲಿನ ಪಕ್ಕ ಹೇಳಿದಷ್ಟೇ ಮೆತ್ತಗೆ, ಹೆಂಡತಿಗೂ ಮಗಳಿಗೂ ಅಳಿಯನಿಗೂ ಮುಟ್ಟುವಷ್ಟು. ಸಾರಂಗನ ಹೆಸರು ತನ್ನ ಜಾಗದಲ್ಲಿ ಸರಿಯಾಗಿ ಕೂತಿತು. ಕೊನೆಗೆ ಎಳೆಯದೆ, ನಿಲ್ಲಿಸದೆ, "ಸಾವಧಾನ" ಎಂದರು. ಗಂಡ ಹೆಂಡತಿ ಇಬ್ಬರೂ ಅಕ್ಷತೆ ಒಗೆದರು.

ಬಲಗೈಯಲ್ಲಿದ್ದ ಮೈಕನ್ನು ಅವರು ಆರಿಸಿರಲಿಲ್ಲ. ಊಟದ ಹಾಲಿನ ದೊಡ್ಡ ಸ್ಪೀಕರು ಆ ಸಾವಧಾನವನ್ನು ಚಾಚೂ ತಪ್ಪದೆ ಹೇಳಿತು. ಊಟಕ್ಕೆ ಕೂತ ಅಷ್ಟೂ ಮಂದಿಯ ಬಲಗೈ ತಾನಾಗಿಯೇ ಮೇಲೆದ್ದಿತು, ಮತ್ತು ಪಂಕ್ತಿಯ ನಡುವೆ ನಿಂತು ವಿಚಾರಿಸುತ್ತಿದ್ದ ಪಂಢರಿಯವರ ಮೇಲೆ ಬೂಂದಿ ಸುರಿಯಿತು.